ಬಡ್ತಿ ಪರೀಕ್ಷೆಯಾಗ ನಮ್ಮೂರ ಬೆಂಕಿ ಯಾಕಿಲ್ಲ?

ಬಳ್ಳಾರಿ ಬಿಸಿಲು:

ಎಲ್ಲರಿಗೂ ನಮಸ್ಕಾರ್ರಿ. ಬಳ್ಳಾರಿ ಕಡೆ ಒಂದು ಸ್ಪಾಂಜ್ ಐರನ್ (ಅದಿರಿನಿಂದ ತಗದ, ಉಕ್ಕು ಮಾಡಾಕ ಬಳಸೋ ಕಬ್ಬಿಣ) ಕಾರ್ಖಾನಿ ಫೈರ್ ವಿಭಾಗದಾಗ 14 ವರ್ಷದಿಂದ ಫೈರ್‌ಮನ್ ಅದೀನಿ. ಕಾರ್ಖಾನಿ ಹೆಸರು ಹೇಳೂದಿಲ್ಲ, ಕೇಳಬ್ಯಾಡ್ರಿ. ಹೋದ ತಿಂಗಳು ಲೀಡಿಂಗ್ ಫೈರ್‌ಮನ್ ಪ್ರಮೋಷನ್ನಿಗೆ ಪರೀಕ್ಷೆ ಇತ್ತು. ಮೂರನೇ ಸಲ ಬರದೆ, ಮೂರನೇ ಸಲನೂ ಫೇಲ್.

ನನ್ನ ಸಂಕಟ ಒಂದ್ ಕಡೆ ಇರ್ಲಿ, ಪತ್ರಿಕೆ ಹೆಂಗಿತ್ತು ಕೇಳ್ರಿ. ಅದನ್ನ ತಯಾರು ಮಾಡೂದು ದೂರದ ಹೆಡ್ ಆಫೀಸಿನಾಗ. 20 ಅಂತಸ್ತಿನ ಅಪಾರ್ಟ್‌ಮೆಂಟಿನಾಗ ಲಿಫ್ಟ್ ನಡುವ ನಿಂತ್ರ ಏನ್ ಮಾಡ್ತಿ, ಮಾಲ್‌ನ ಬೇಸ್‌ಮೆಂಟಿನಾಗ ಕಾರಿಗೆ ಬೆಂಕಿ ಹತ್ತಿದ್ರ ಹೊಗಿ ಹೆಂಗ ಹೊರಗ ಹಾಕ್ತಿ, ಮಂದಿ ನಿಲ್ಲಾಕ ರೆಫ್ಯೂಜ್ ಏರಿಯಾ ಎಲ್ಲಿ ಬಿಡಬೇಕು, ಎಲ್ಲಾ ಇಂಥವ. ಈ 14 ವರ್ಷದಾಗ ನಾನು ಮಾಲ್‌ಗೆ ಫೈರ್ ಕಾಲ್ ಹೋಗಿದ್ದಿಲ್ಲ. ಸ್ಪಾಂಜ್ ಐರನ್ ರಾಶಿ ಒಳಗೊಳಗ ಕಾದು ಕೆಂಪಾಗಿದ್ದು ಮಾತ್ರ ಎಷ್ಟ್ ಸಲ ನೋಡೀನೋ. ಗೊತ್ತಿಲ್ಲದವ ಹೋಸ್ ಹಿಡಕೊಂಡು ಅದರ ಮ್ಯಾಲೆ ನೀರು ಹೊಡದ್ರ ಹೈಡ್ರೋಜನ್ ಹುಟ್ಟಿ ಸಿಡೀತೈತಿ. ನಮ್ಮ ಜೀವ ಹೋಗೂದು ಅಲ್ಲಿ. 100 ಪ್ರಶ್ನೆಯಾಗ ಅದರ ಮ್ಯಾಲೆ ಒಂದೂ ಇರ್ಲಿಲ್ಲ.

ಇನ್ನ ಕನ್ನಡ. "ಶ್ವಸನೋಪಕರಣದ ವಾಯು ಸಂಗ್ರಾಹಕದಲ್ಲಿನ ಒತ್ತಡವು ಕ್ಷೀಣಿಸಿದಾಗ" ಅಂತ ಒಂದು ಪ್ರಶ್ನೆ. ಮೂರು ಸಲ ಓದಿದೆ. ಆಮ್ಯಾಲೆ ತಿಳೀತು, ಬಿಎ ಸೆಟ್ಟಿನ (ಹೊಗಿಯಾಗ ಉಸಿರಾಡಾಕ ಹಾಕ್ಕೊಳ್ಳೋ ಸಾಮಾನು) ಸಿಲಿಂಡರಿನಾಗ ಗಾಳಿ ಕಡಿಮಿ ಆದ್ರ ಅಂತ! ದಿನಾ ಬೆನ್ನಿಗೆ ಹೊರೋ ಸಾಮಾನು, ಹಾಳ್ಯಾಗ ಗುರ್ತಾಗ್ಲಿಲ್ಲ. "ಊರ್ಧ್ವ ನಳಿಕೆ" ಅಂದ್ರ ರೈಸರ್, ಮ್ಯಾಲಿನ ಅಂತಸ್ತಿಗೆ ನೀರು ಒಯ್ಯೋ ಪೈಪ್ ಅಂತ ಮನಿಗೆ ಬಂದ ಮ್ಯಾಲೆ ಮಗಳು ಹೇಳಿದ್ಲು.

ಇಂಟರ್‌ವ್ಯೂದಾಗ ನಾನು ಆರಿಸಿದ್ದ ಒಂದು ಬೆಂಕಿ ಬಗ್ಗೆ ಹೇಳಾಕ ಹಚ್ಚಿದೆ. "ವಾಸನಿ ಮ್ಯಾಲಿಂದ ಒಳಗ ಇನ್ನೂ ಕೆಂಡ ಐತಿ ಅಂತ ಗೊತ್ತಾತ್ರಿ" ಅಂದೆ. ಒಬ್ಬರು ತಡದು "ಸರಿಯಾದ ಕನ್ನಡದಲ್ಲಿ ಹೇಳಿ" ಅಂದ್ರು. ಮುಂದ ನನಗ ಬಾಯಿನ ಬರ್ಲಿಲ್ಲ.

ಪಾಸಾದವರ ಮ್ಯಾಲೆ ಸಿಟ್ಟಿಲ್ಲ, ಅವರೂ ಓದ್ಯಾರ. ಆದ್ರ ಅದರಾಗ ಒಬ್ಬ ಮೊನ್ನೆ ರಾತ್ರಿ ಶಿಫ್ಟಿನಾಗ ಸ್ಪಾಂಜ್ ಐರನ್ ತುಂಬಿಡೋ ಬಿನ್ ಕಾದು ಬಿಸಿ ಆದಾಗ ನನಗ ಫೋನ್ ಮಾಡಿ "ಅಣ್ಣಾ, ಈಗ ಏನ್ ಮಾಡ್ಲಿ" ಅಂತ ಕೇಳಿದ. ಹೇಳಿದೆ. ಹೇಳಬೇಕಲ್ಲ, ಅಲ್ಲಿ ಹುಡುಗರು ನಿಂತಿದ್ರು.

ಇದು ನಮ್ಮೊಬ್ಬರ ಕಥಿ ಏನು, ನಿಮ್ಮ ಕಡೆನೂ ಹಿಂಗ ಐತಿ ಏನು?

ನೇರ ಮಾತು:

ಅಣ್ಣಾ, ನಿಮ್ಮ ಅನುಭವದ ಬಗ್ಗೆ ಗೌರವ ಇದೆ. ಆದರೆ ಒಂದು ಮಾತು ಒಪ್ಪಲಾರೆ. ಲೀಡಿಂಗ್ ಫೈರ್‌ಮನ್ ಆದವನು ವರದಿ ಬರೆಯಬೇಕು, ಮ್ಯಾನುವಲ್ ಓದಬೇಕು, ಹೊಸಬರಿಗೆ ಡ್ರಿಲ್ ಹೇಳಿಕೊಡಬೇಕು. ಬಳ್ಳಾರಿ, ಹೊಸಪೇಟೆಯಲ್ಲೂ ಈಗ ಎತ್ತರದ ಕಟ್ಟಡಗಳು ಏಳುತ್ತಿವೆ. ನಾಳೆ ಅಲ್ಲಿಂದ ಕರೆ ಬಂದರೆ "ನನ್ನ ಪತ್ರಿಕೆಯಲ್ಲಿ ಇರಲಿಲ್ಲ" ಅನ್ನೋಕಾಗುತ್ತಾ? ಪರೀಕ್ಷೆ ಎಲ್ಲರಿಗೂ ಒಂದೇ ಇತ್ತು. ಒಂದೇ ಪತ್ರಿಕೆ, ಒಂದೇ ಸಮಯ. ಇದರಲ್ಲಿ ಪಕ್ಷಪಾತ ಎಲ್ಲಿಂದ ಬಂತು?

ಬಳ್ಳಾರಿ ಬಿಸಿಲು:

ಲಿಫ್ಟ್ ಪ್ರಶ್ನೆ ಬ್ಯಾಡ ಅಂತ ನಾ ಎಲ್ಲಿ ಹೇಳೀನ್ರಿ? ಇರ್ಲಿ. ಲಿಫ್ಟ್ ಅಷ್ಟ ಇದ್ದು, ಬಿನ್ ಇರದಿದ್ರ ಹೆಂಗ? ನಾ ಕೇಳೂದು ಇಷ್ಟ.

ಹತ್ತಿ ಪೇಟೆ:

ರಾಯಚೂರಿನಾಗ ಜಿನ್ನಿಂಗ್ ಮಿಲ್ಲುಗಳ ನಡುವ ಕೆಲಸ ಮಾಡಿ ನಿವೃತ್ತಿ ಆದವ ನಾನು. ಒಂದು ಮಾತು ಹೇಳ್ತೀನಿ. ಹತ್ತಿ ಬೇಲ್‌ಗೆ, ಅಂದ್ರ ಹತ್ತಿ ಮೂಟಿಗೆ, ಬೆಂಕಿ ಹತ್ತಿದ್ರ ಮ್ಯಾಲೆ ನೀರು ಹೊಡದು "ಆರ್ತು" ಅಂತ ಬಂದ್ರ, ಆರಿರಂಗಿಲ್ಲ. ಬೇಲ್ ಗಟ್ಟಿ ಒತ್ತಿ ಕಟ್ಟಿರ್ತಾರ, ನೀರು ಒಳಗ ಇಳಿಯಂಗಿಲ್ಲ. ಒಳಗ ಸಣ್ಣಗ ಕೊರಕೊಂತ ಹೋಗಿ ಎರಡು ದಿನ ಬಿಟ್ಟು ಮತ್ತ ಏಳ್ತದ. ಪಟ್ಟಿ ಕಡಿಬೇಕು, ಬೇಲ್ ಬಿಚ್ಚಬೇಕು, ಒಂದೊಂದ ಬ್ಯಾರೆ ಮಾಡಿ ಬಯಲಿಗೆ ಹಾಕಿ ಕಾಯಬೇಕು. ಬತ್ತದ ಹೊಟ್ಟಿನ ಗುಡ್ಡಿ ಇನ್ನೂ ಕೆಟ್ಟದ್ದು. ಮ್ಯಾಲೆ ನೋಡಿದ್ರ ತಣ್ಣಗದ, ಕಾಲಿಟ್ರ ಒಳಗ ಕುಸೀತದ, ಒಳಗ ಕೆಂಡ. ಸಿಂಧನೂರು, ಮಾನ್ವಿ, ಗಂಗಾವತಿ ರೈಸ್ ಮಿಲ್ ಕಡೆ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು.

ನಾನು ಮೆಟ್ರಿಕ್ ಫೇಲ್. ಇದನ್ನ ಬರದು ಪಾಸ್ ಆಗು ಅಂದಿದ್ರ ಆಗ್ತಿರ್ಲಿಲ್ಲ. ಮಾಡಿ ತೋರಿಸು ಅಂದಿದ್ರ ಅರ್ಧ ತಾಸಿನಾಗ ತೋರಿಸ್ತಿದ್ದೆ.

ಕೋರ್ಟ್ ರಸ್ತೆ:

"ಒಂದೇ ಪತ್ರಿಕೆ, ಹಾಗಾದರೆ ಪಕ್ಷಪಾತ ಎಲ್ಲಿ" ಎನ್ನುವ ಪ್ರಶ್ನೆಗೆ ಅಮೆರಿಕದಲ್ಲಿ ಇದೇ ಅಗ್ನಿಶಾಮಕರ ವಿಷಯದಲ್ಲೇ ದೊಡ್ಡ ಮೊಕದ್ದಮೆ ನಡೆದಿದೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಲ್ಲಿ 2003ರಲ್ಲಿ ಲೆಫ್ಟಿನೆಂಟ್ ಮತ್ತು ಕ್ಯಾಪ್ಟನ್ ಹುದ್ದೆಗೆ ಬಡ್ತಿ ಪರೀಕ್ಷೆ ಮಾಡಿದರು. ಬರವಣಿಗೆಗೆ ಶೇ 60, ಮೌಖಿಕಕ್ಕೆ ಶೇ 40. ಈ ಹಂಚಿಕೆ ಕಾರ್ಮಿಕ ಸಂಘದ ಒಪ್ಪಂದದಲ್ಲಿ ಮೊದಲೇ ಇತ್ತು. ಲೆಫ್ಟಿನೆಂಟ್ ಪರೀಕ್ಷೆಗೆ 77 ಜನ ಕೂತರು: 43 ಬಿಳಿಯರು, 19 ಕಪ್ಪು ಜನ, 15 ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದವರು). ಪಾಸಾದವರು 34, ಅದರಲ್ಲಿ 25 ಬಿಳಿಯರು. ಖಾಲಿ ಇದ್ದ 8 ಹುದ್ದೆಗೆ ಅರ್ಹರಾಗುವ ಮೊದಲ 10 ಸ್ಥಾನಗಳಲ್ಲಿ ಎಲ್ಲರೂ ಬಿಳಿಯರೇ. ಇದನ್ನು ಜಾರಿ ಮಾಡಿದರೆ ಕಪ್ಪು ನೌಕರರು ಕೋರ್ಟಿಗೆ ಹೋಗುತ್ತಾರೆ ಅಂತ ಹೆದರಿ ನಗರಾಡಳಿತ ಫಲಿತಾಂಶವನ್ನೇ ಕೈಬಿಟ್ಟಿತು. ಆಗ ಪಾಸಾದವರು ಕೋರ್ಟಿಗೆ ಹೋದರು. 2009ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಪಾಸಾದವರ ಪರ ತೀರ್ಪು ಕೊಟ್ಟಿತು. ಪರೀಕ್ಷೆ ಕೆಟ್ಟದ್ದಾಗಿತ್ತು ಅನ್ನೋದಕ್ಕೆ ಗಟ್ಟಿ ಸಾಕ್ಷ್ಯ ಇಲ್ಲದೆ, ಬರೀ ಯಾರು ಪಾಸಾದರು ಅನ್ನೋ ಎಣಿಕೆ ನೋಡಿ ಫಲಿತಾಂಶ ಬಿಸಾಡುವಂತಿಲ್ಲ ಅಂತ. ಈ ಮೊಕದ್ದಮೆ ರಿಕ್ಕಿ ವಿರುದ್ಧ ಡಿಸ್ಟೆಫಾನೊ ಅಂತ ಪ್ರಸಿದ್ಧ. ರಿಕ್ಕಿ ಪಾಸಾದವರಲ್ಲಿ ಒಬ್ಬ, ಡಿಸ್ಟೆಫಾನೊ ಆಗಿನ ಮೇಯರ್.

ನೇರ ಮಾತು:

ನೋಡಿದಿರಾ, ಕೊನೆಗೆ ಓದಿದವರೇ ಗೆದ್ದರು. ಆ ರಿಕ್ಕಿ ಅನ್ನುವವರಿಗೆ ಡಿಸ್ಲೆಕ್ಸಿಯಾ, ಅಂದರೆ ಓದುವುದೇ ಕಷ್ಟವಾಗುವ ತೊಂದರೆ, ಇತ್ತು. 1000 ಡಾಲರಿಗಿಂತ ಹೆಚ್ಚು ಖರ್ಚು ಮಾಡಿ, ಪುಸ್ತಕಗಳನ್ನು ಟೇಪಿಗೆ ಓದಿಸಿಕೊಂಡು, ಕೇಳಿ ಕೇಳಿ ಪಾಸಾದರು. ಕಷ್ಟ ಇಲ್ಲದವರು ಯಾರು? ಅಷ್ಟು ದುಡಿದವರಿಗೆ "ನಿನ್ನ ಫಲಿತಾಂಶ ರದ್ದು" ಅಂದರೆ ಅದು ಅನ್ಯಾಯ ಅಲ್ಲವೇ?

ಕೋರ್ಟ್ ರಸ್ತೆ:

ಅನ್ಯಾಯವೇ. ಅದಕ್ಕೆ ಆ ತೀರ್ಪಿನಿಂದ ನಾನು ಕಲಿತದ್ದು, ಸರಿ ಮಾಡೋದಾದರೆ ಪರೀಕ್ಷೆಗೆ ಮೊದಲೇ ಮಾಡಬೇಕು ಅಂತ. ಮುಗಿದ ಮೇಲೆ ಮುಟ್ಟಿದರೆ ಇನ್ನೊಬ್ಬನ ಹೊಟ್ಟೆ ಮೇಲೆ ಹೊಡೆದ ಹಾಗೆ.

ಆದರೆ ಆ ಪರೀಕ್ಷೆ ಹೇಗೆ ತಯಾರಾಯಿತು ಅನ್ನೋದೂ ನೋಡಿ. ಇಲಿನಾಯ್ ರಾಜ್ಯದ ಒಂದು ಕಂಪನಿಗೆ ಕೊಟ್ಟಿದ್ದರು. ಅವರು ಠಾಣೆಗಳಿಗೆ ಬಂದು, ನೌಕರರ ಜೊತೆ ಗಾಡಿಯಲ್ಲಿ ಓಡಾಡಿ, ಕೆಲಸ ನೋಡಿ ಪ್ರಶ್ನೆ ಬರೆದರು. ಸೋರಿಕೆ ಆಗಬಾರದು ಅಂತ ಊರಿನ ಇಲಾಖೆಯ ಒಬ್ಬ ಅಧಿಕಾರಿಗೂ ಪ್ರಶ್ನೆಗಳನ್ನು ಮೊದಲು ತೋರಿಸಲಿಲ್ಲ. ಆಮೇಲೆ "ಈ ಪ್ರಶ್ನೆ ನಮ್ಮೂರಿನ ಕೆಲಸದ ರೀತಿಗೆ ಹೊಂದಲ್ಲ" ಅಂತ ದೂರು ಬಂತು. ಅಷ್ಟೆಲ್ಲ ಓಡಾಡಿದವರಿಗೇ ಹೀಗಾದರೆ, ನಿಮ್ಮ ಬಿನ್ ಕಣ್ಣಲ್ಲೂ ನೋಡದೆ ಪತ್ರಿಕೆ ಬರೆದವರ ಗತಿ?

ಇನ್ನೊಂದು. ಆ ತೀರ್ಪು ಒಪ್ಪದೆ ಭಿನ್ನಮತ ಬರೆದ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಒಂದು ಸೂಕ್ಷ್ಮ ಎತ್ತಿ ತೋರಿಸಿದ್ದಾರೆ: ಅನೇಕ ಬಿಳಿಯ ನೌಕರರಿಗೆ ಅಗ್ನಿಶಾಮಕ ಸೇವೆಯಲ್ಲೇ ಇದ್ದ ನೆಂಟರಿಂದ ಪುಸ್ತಕ ಸಿಕ್ಕವು. ಮನೆತನದಲ್ಲಿ ಮೊದಲ ಸಲ ಆ ಕೆಲಸಕ್ಕೆ ಬಂದವರಿಗೆ ಹಾಗೆ ಕೊಡುವವರು ಇರಲಿಲ್ಲ. ಪತ್ರಿಕೆ ಒಂದೇ, ಅಲ್ಲಿಗೆ ಹೋಗುವ ದಾರಿ ಒಂದೇ ಅಲ್ಲ. ಇದಕ್ಕೂ ಹಿಂದೆ, 1971ರಲ್ಲಿ, ಡ್ಯೂಕ್ ಪವರ್ ಅನ್ನೋ ವಿದ್ಯುತ್ ಕಂಪನಿ ಮೇಲಿನ ಗ್ರಿಗ್ಸ್ ಮೊಕದ್ದಮೆಯಲ್ಲಿ ಅದೇ ಕೋರ್ಟ್ ಹೇಳಿತ್ತು, ಪರೀಕ್ಷೆ ಅಳೆಯೋದು ಆ ಕೆಲಸಕ್ಕೆ ಬೇಕಾದದ್ದನ್ನ ಆಗಿರಬೇಕು ಅಂತ. ಕೆಟ್ಟ ಉದ್ದೇಶ ಇರಲೇಬೇಕು ಅಂತಿಲ್ಲ. "ಒಂದೇ ಪತ್ರಿಕೆ" ಅನ್ನೋ ವಾದಕ್ಕೆ ಅಲ್ಲಿ ಉತ್ತರ ಸಿಕ್ಕಿ ಐವತ್ತು ವರ್ಷ ದಾಟಿದೆ.

ಆಂಬುಲೆನ್ಸ್ ಅಕ್ಕ:

ನಾನು ರಾಯಚೂರು ಜಿಲ್ಲಾದಾಗ ಆಂಬುಲೆನ್ಸ್ ಮ್ಯಾಲೆ ಕೆಲಸ ಮಾಡ್ತೀನಿ. ನಮ್ಮದೂ ಇದ ಹಣೆಬರಹ. ಮ್ಯಾಲಿನ ಹುದ್ದಿಗೆ ಇಂಟರ್‌ವ್ಯೂ ಇತ್ತು, ನೀವು ನಿಭಾಯಿಸಿದ ಒಂದು ಕಷ್ಟದ ಕೇಸ್ ಹೇಳ್ರಿ ಅಂದ್ರು. ನಾನು ಹೇಳಿದೆ: "ರಾತ್ರಿ ಎರಡು ಗಂಟೆಕ್ಕ ಕಾಲ್ ಬಂತ್ರಿ, ಹುಡುಗ ಎಣ್ಣಿ ಕುಡದಿದ್ದ." ಎದುರು ಕುಂತವರು ನಕ್ಕರು. "ಕುಡಿದು ಬಿದ್ದವರನ್ನೂ ಕರೆದುಕೊಂಡು ಹೋಗ್ತೀರಾ?" ಅಂತ.

ನಮ್ಮ ಕಡೆ ಎಣ್ಣಿ ಅಂದ್ರ ಹೊಲಕ್ಕ ಹೊಡಿಯೋ ಕ್ರಿಮಿನಾಶಕ. ಹತ್ತಿಗೆ ಎಣ್ಣಿ, ತೊಗರಿಗೆ ಎಣ್ಣಿ. ಅವರ ಊರಾಗ ಎಣ್ಣಿ ಅಂದ್ರ ಸೆರೆ. ನಾ ಹೇಳ್ತಿದ್ದದ್ದು ಒಬ್ಬ ರೈತನ ಮಗ ಔಷಧ ಕುಡದು ಸಾಯಾಕ ಹೊಂಟದ್ದು. ಬಾಯಾಗ ಜೊಲ್ಲು, ಮೈ ತುಂಬ ಬೆವರು, ಕಣ್ಣಿನ ಪಾಪಿ ಸೂಜಿ ಮೊನಿಯಷ್ಟು. ಒಂದ್ ಮಗ್ಗಲಿಗೆ ಹೊರಳಿಸಿ, ಬಾಯಿ ಸ್ವಚ್ಛ ಮಾಡಿ, ಉಸಿರು ಕಟ್ಟದಂಗ ನೋಡಕೊಂತ ಆಸ್ಪತ್ರಿ ತನಕ ಹೋಗಿದ್ವಿ. ಡಬ್ಬಿನೂ ಸಂಗಾಟ ತಗೊಂಡು ಹೋಗಿದ್ದೆ, ಡಾಕ್ಟರು ಹೆಸರು ನೋಡಿ ಆ ವಿಷಕ್ಕ ಕೊಡೋ ಅಟ್ರೋಪಿನ್ ಮದ್ದು ಶುರು ಮಾಡಿದ್ರು. ಹುಡುಗ ಉಳದ.

ಅವರು ನಕ್ಕ ಮ್ಯಾಲೆ ನಾ ತಿದ್ದಿ ಹೇಳಿದೆ. ಆದ್ರ ಅಷ್ಟರಾಗ ನನ್ನ ಬಗ್ಗೆ ಅವರ ಮನಸ್ಸಿನಾಗ ಒಂದು ಕೂತಿತ್ತು. ಒಂದು ಕೇಳ್ತೀನಿ: ಈ ಜಿಲ್ಲಾದಾಗ ಕೆಲಸ ಮಾಡೋರಿಗೆ ಎಣ್ಣಿ ಅಂದ್ರೇನು ಅಂತ ಗೊತ್ತಿರಬೇಕಾ, ಬ್ಯಾಡಾ? ಫೋನಿನಾಗ ಅಳಕೊಂತ ತಾಯಿ "ಎಣ್ಣಿ ಕುಡದಾನ್ರಿ" ಅಂದಾಗ ತಪ್ಪು ತಿಳಕೊಂಡ್ರ ಏನಾಗ್ತದ? ಅದನ್ನ ತಿಳದಾಕಿಗೆ ಮಾರ್ಕ್ಸ್ ಕಡಿಮಿ, ತಿಳೀದವರು ಮಾರ್ಕ್ಸ್ ಹಾಕೋರು.

ಬಳ್ಳಾರಿ ಬಿಸಿಲು:

ಅಕ್ಕಾ, ಇದನ್ನ ಓದಿ ಸುಮ್ಮನ ಕುಂತುಬಿಟ್ಟೆ. ನನಗಾದದ್ದು ಇದರ ಮುಂದ ಏನೂ ಅಲ್ಲ.

ಕೊಪ್ಪಳದ ಮೇಷ್ಟ್ರು:

ನಾನು ಕನ್ನಡ ಪಾಠ ಮಾಡುವವನು, ಪ್ರಶ್ನೆಪತ್ರಿಕೆ ಮಾಡಿ ಮಾಡಿ ಕೈ ಸವೆದಿದೆ. ಇಲ್ಲಿ ಎರಡು ಬೇರೆ ಬೇರೆ ದೋಷ ಇವೆ, ಬೆರೆಸಬೇಡಿ.

ಮೊದಲನೆಯದು ಅನುವಾದ. ಇಂಗ್ಲಿಷಿನಲ್ಲಿ ಪತ್ರಿಕೆ ಬರೆದು, ಕಡೆಗೆ ನಿಘಂಟು ಹಿಡಿದು ಕನ್ನಡ ಮಾಡಿಸುತ್ತಾರೆ. ಇದು ನಿಮ್ಮ ಕಾರ್ಖಾನೆಯೊಂದರ ರೋಗ ಅಲ್ಲ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ತಪ್ಪಾಗಿತ್ತೆಂದರೆ ಸರ್ಕಾರವೇ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು, ಮತ್ತೆ ಅನುವಾದದ ಬಗ್ಗೆ ದೂರು ಎದ್ದಿತು. ರಾಜ್ಯದ ಅತ್ಯುನ್ನತ ಪರೀಕ್ಷೆಯಲ್ಲೇ ಕನ್ನಡದ ಸ್ಥಿತಿ ಹೀಗಿರುವಾಗ "ಶ್ವಸನೋಪಕರಣ" ನನಗೆ ಆಶ್ಚರ್ಯ ತರಲಿಲ್ಲ, ಸಿಟ್ಟು ತಂದಿತು. ಕೆಲಸದ ಜಾಗದಲ್ಲಿ ಬಿಎ ಸೆಟ್ ಅಂತಾರೆ ಅಂದರೆ ಅದೇ ಕನ್ನಡ. ಬೇಲ್, ಹೋಸ್, ಕಪ್ಲಿಂಗ್, ಬ್ರಾಂಚ್ ಎಲ್ಲ ಕನ್ನಡವೇ, ನಿಮ್ಮ ಕೈಯಲ್ಲಿ ಪಳಗಿದ ಕನ್ನಡ.

ಎರಡನೆಯದು "ಸರಿಯಾದ ಕನ್ನಡದಲ್ಲಿ ಹೇಳಿ" ಅಂದದ್ದು. ಇದನ್ನು ಅನುವಾದಕರ ತಲೆಗೆ ಕಟ್ಟಲಾಗದು. ಐತಿ, ಅದ, ಇದೆ, ಮೂರೂ ಸರಿ. ಬೆಂಕಿ ಹತ್ತಿದಾಗ ಓಡಿ ಬಂದ ಹಳ್ಳಿಯವರ ಜೊತೆ "ಐತಿ" ಅನ್ನುವವನೇ ಮಾತಾಡಬೇಕು. ಮೌಖಿಕ ಪರೀಕ್ಷೆಗೆ ಮಾರ್ಕ್ಸ್ ಹೆಚ್ಚು ಮಾಡಿದರೆ ಎಲ್ಲ ಸರಿಯಾಗುತ್ತದೆ ಅನ್ನುವವರಿಗೆ ಇದೇ ನನ್ನ ಎಚ್ಚರಿಕೆ. ಎದುರು ಕೂತವರು ಯಾರು, ಯಾವುದಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಟ್ಟುಕೊಂಡಿದ್ದಾರೋ ಇಲ್ಲವೋ, ಅದರ ಮೇಲೆ ನಿಂತಿದೆ. ಇಲ್ಲದಿದ್ದರೆ ಬರವಣಿಗೆಗಿಂತ ಮೌಖಿಕವೇ ಹೆಚ್ಚು ಕೊಲ್ಲುತ್ತದೆ.

ತಾಂಡಾದ ಹುಡುಗ:

ಮೇಷ್ಟ್ರೇ, ನಮ್ಮಂಥವರದು ಇನ್ನೊಂದು ಮೆಟ್ಟಿಲು ಕೆಳಗ ಐತ್ರಿ. ಮನಿಯಾಗ ಲಂಬಾಣಿ. ಸಾಲಿಗೆ ಹೋದ ಮ್ಯಾಲೆ ಕನ್ನಡ ಕಲ್ತೆ, ಅದೂ ಈ ಊರಿನ ಕನ್ನಡ. ಪುಸ್ತಕದ ಕನ್ನಡ ಮೂರನೇ ಭಾಷೆ, ಇಂಗ್ಲಿಷ್ ನಾಕನೇದು. ನನ್ನ ದೋಸ್ತನ ಮನಿಯಾಗ ಉರ್ದು, ಅವನದೂ ಇದ ಕಥಿ. ನಾವಿಬ್ಬರೂ ಸೆಕ್ಯುರಿಟಿ ಮತ್ತ ಫೈರ್ ಎರಡೂ ನೋಡ್ತೀವಿ. ಡ್ರಿಲ್‌ನಾಗ ನಮ್ಮ ಟೀಮ್ ಯಾವತ್ತೂ ಮುಂದ. ಪರೀಕ್ಷಾ ಅರ್ಜಿನ ಹಾಕಿಲ್ಲ ಇನ್ನೂ. ಹಾಕಿದ್ರ ನಗ್ತಾರ ಅಂತ ಅಂಜಿಕಿ.

ಹತ್ತಿ ಪೇಟೆ:

ತಮ್ಮಾ, ಹಾಕು. ಅಂಜಬ್ಯಾಡ.

ನಮ್ಮ ಅಜ್ಜನ ಕಾಲಕ್ಕ ರಾಯಚೂರು ನಿಜಾಮನ ರಾಜ್ಯದಾಗ ಇತ್ತು, ಕಚೇರಿ ಭಾಷೆ ಉರ್ದು. ಕನ್ನಡ ಬಲ್ಲವ ಅರ್ಜಿ ಬರಸಾಕ ಇನ್ನೊಬ್ಬನ ಮನಿ ಬಾಗಿಲಿಗೆ ನಿಲ್ಲತಿದ್ದ. 1956ಕ್ಕ ಮೈಸೂರು ರಾಜ್ಯಕ್ಕ ಸೇರಿದ್ವಿ, ಬಳ್ಳಾರಿಯವರು ಅದಕ್ಕೂ ಮೂರು ವರ್ಷ ಮೊದಲ ಮದ್ರಾಸಿನಿಂದ ಬಂದಿದ್ರು. ಇನ್ನ ನಮ್ಮ ಮಾತು ನಡೀತದ ಅಂತ ನಮ್ಮಪ್ಪ ಖುಷಿ ಆಗಿದ್ದ. ಬಂದದ್ದು ಕನ್ನಡ ಹೌದು, ಆದ್ರ ನಮ್ಮ ಬಾಯಾಗಿನ ಕನ್ನಡ ಅಲ್ಲ. ಮೂರು ತಲಿಮಾರು ಆತು, ಇನ್ನೂ "ಸರಿಯಾಗಿ ಹೇಳು" ಅನ್ನಿಸಿಕೊಳ್ಳಾಕ್ಹತ್ತೀವಿ.

ನೇರ ಮಾತು:

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371-ಜೆ ವಿಶೇಷ ಸ್ಥಾನಮಾನ ಬಂದಿದೆಯಲ್ಲ? ಮೀಸಲಾತಿ ಇದೆಯಲ್ಲ?

ಕೋರ್ಟ್ ರಸ್ತೆ:

ಅದು ಸರ್ಕಾರಿ ನೌಕರಿ ಮತ್ತು ಶಿಕ್ಷಣಕ್ಕೆ. 2012ರ 98ನೇ ತಿದ್ದುಪಡಿಯಿಂದ ಬಂದದ್ದು. ಖಾಸಗಿ ಕಾರ್ಖಾನೆಗೆ ತಾಗೋದಿಲ್ಲ. ಸರ್ಕಾರಿಯಲ್ಲಿ ಕೂಡ ಅದು ಸ್ಥಾನ ಕೊಡುತ್ತೆ. ಪತ್ರಿಕೆಯಲ್ಲಿ ಏನು ಕೇಳಬೇಕು ಅಂತ ಹೇಳೋದಿಲ್ಲ. ಬಳ್ಳಾರಿ ಬಿಸಿಲು ಅವರ ವಿಷಯದಲ್ಲಿ ಕೋರ್ಟಿಗಿಂತ ಮೊದಲು ಕಾರ್ಮಿಕ ಸಂಘ ಇದೆಯಾ ನೋಡಿ. ಮುಂದಿನ ಪರೀಕ್ಷೆಗೆ ಮುನ್ನ ಬರವಣಿಗೆಯಲ್ಲಿ ಕೊಡಿ. ಫೇಲಾದವರು ಮಾತ್ರ ಸಹಿ ಮಾಡಿದರೆ ಹೊಟ್ಟೆಕಿಚ್ಚು ಅಂತಾರೆ, ಪಾಸಾದವರ ಸಹಿಯನ್ನೂ ಹಾಕಿಸಿ.

ಬಳ್ಳಾರಿ ಬಿಸಿಲು:

ಬಿನ್ ಕಾದಾಗ ಫೋನ್ ಮಾಡಿದ್ದ ಆ ಹುಡುಗನ್ನ ನಿನ್ನೆ ರಾತ್ರಿ ಕೇಳಿದೆ. "ಅಣ್ಣಾ, ನಾನ ಮೊದಲ ಸಹಿ ಮಾಡ್ತೀನಿ. ಪಾಸಾಗಿ ಬಂದೆ, ಬಿನ್ ಮುಂದ ನಿಂತಾಗ ಕೈಕಾಲು ನಡುಗಿದ್ವು" ಅಂದ. ನನಗ ಕಣ್ಣಾಗ ನೀರು ಬಂತು. ಅವನಿಗೂ ಈ ಪತ್ರಿಕೆ ಮೋಸಾನ ಮಾಡೈತಿ. ತಿಳೀದ್ದನ್ನ ತಿಳೀತೈತಿ ಅಂತ ಸರ್ಟಿಫಿಕೇಟ್ ಕೊಟ್ಟು ಬೆಂಕಿ ಮುಂದ ನಿಲ್ಲಿಸೈತಿ.

ನೇರ ಮಾತು:

ಇದನ್ನ ನಾನು ಯೋಚಿಸಿರಲಿಲ್ಲ. ಪಾಸಾದವನಿಗೂ ಅಪಾಯ ಅನ್ನೋದು. ನನ್ನ ಮೊದಲ ಮಾತು ಅರ್ಧ ಹಿಂದಕ್ಕೆ ತಗೋತೀನಿ. ವರದಿ ಬರೆಯೋಕೆ ಬರಬೇಕು ಅನ್ನೋದು ಮಾತ್ರ ಈಗಲೂ ಹೇಳ್ತೀನಿ. ಆದರೆ ಅದನ್ನ ಕಲಿಸಬಹುದು, ಒಂದು ತಿಂಗಳು ಸಾಕು. ಕೆಂಡದ ವಾಸನೆ ಒಂದು ತಿಂಗಳಲ್ಲಿ ಬರಲ್ಲ.

ಕೊಪ್ಪಳದ ಮೇಷ್ಟ್ರು:

ಸೋರಿಕೆಯ ಭಯಕ್ಕೆ ಒಂದು ದಾರಿ ಇದೆ. ಹತ್ತಿ ಪೇಟೆಯವರಂಥ ನಿವೃತ್ತರಿಗೆ ಪ್ರಶ್ನೆಗಳನ್ನು ಓದಿಸಿ. ಅವರು ಪರೀಕ್ಷೆ ಬರೆಯುವವರಲ್ಲ, ಬರೆಯುವವರ ಮೇಲಧಿಕಾರಿಯೂ ಅಲ್ಲ. "ಇದು ನಮ್ಮಲ್ಲಿ ಹೀಗೆ ಆಗಲ್ಲ", "ಇದನ್ನ ಯಾರೂ ಹೀಗೆ ಕರೆಯಲ್ಲ" ಅಂತ ಗುರುತು ಹಾಕಿದರೆ ಸಾಕು. ಒಟ್ಟು ಅಂಕಗಳಲ್ಲಿ ಅರ್ಧವನ್ನು ಅಂಗಳದಲ್ಲಿ ಮಾಡಿ ತೋರಿಸುವುದಕ್ಕೆ ಇಡಿ. ನಮ್ಮ ಕಡೆಯ ಪ್ರಶ್ನೆಗಳೇ ಸಿಗಲ್ಲ ಅಂತ ಪತ್ರಿಕೆ ಮಾಡುವವರು ಹೇಳದ ಹಾಗೆ ನಾವೇ ಬರೆದು ಕೊಡೋಣ. ಒಬ್ಬೊಬ್ಬರು ಒಂದೊಂದು ಹಾಕಿ, ಭಾಷೆ ನಾನು ನೋಡಿಕೊಳ್ಳುತ್ತೇನೆ. ನಿಮ್ಮ ಮಾತನ್ನು ತಿದ್ದುವುದಿಲ್ಲ, ಕಾಗುಣಿತ ಮಾತ್ರ.

ಬಳ್ಳಾರಿ ಬಿಸಿಲು:

ನಂದು ಮೊದಲನೇದು. ಸ್ಪಾಂಜ್ ಐರನ್ ಬಿನ್ ಕಾಯಾಕ ಹತ್ತೈತಿ, ಮ್ಯಾಲೆ ಬೆಂಕಿ ಕಾಣ್ತಿಲ್ಲ. ಮೊದಲ ಏನ್ ಮಾಡ್ತಿ? ಉತ್ತರ: ನೀರು ಹಾಕೂದಿಲ್ಲ. ಗಾಳಿ ಹೋಗೂ ದಾರಿ ಮುಚ್ಚಿ ನೈಟ್ರೋಜನ್ ಬಿಡ್ತೀವಿ, ಹುಡುಗರನ್ನ ದೂರ ನಿಲ್ಲಸ್ತೀವಿ, ಮಳಿ ನೀರು ಬೀಳದಂಗ ನೋಡ್ತೀವಿ.

ಹತ್ತಿ ಪೇಟೆ:

ಬೇಲ್ ಬೆಂಕಿ ಆರಿಸಿ ಮೂರು ತಾಸು ಆತು. ಮಾಲೀಕ "ಇನ್ನ ಹೋಗ್ರಿ, ಲಾರಿಗೆ ಲೋಡ್ ಮಾಡ್ತೀವಿ" ಅಂತಾನ. ಬಿಡ್ತೀಯೇನು? ಬಿಡಬಾರದು. ಬಿಚ್ಚದ ಬೇಲ್ ಲಾರಿ ಹತ್ತಿದ್ರ ಹಾದ್ಯಾಗ ಲಾರಿನೂ ಹೋಗ್ತದ.

ಆಂಬುಲೆನ್ಸ್ ಅಕ್ಕ:

"ನಮ್ಮ ಹುಡುಗ ಎಣ್ಣಿ ಕುಡದಾನ್ರಿ" ಅಂತ ಫೋನ್ ಬಂತು. ನಿಮ್ಮ ಮೊದಲ ಪ್ರಶ್ನೆ ಏನು? ಉತ್ತರ: ಡಬ್ಬಿ ಯಾವುದು, ಎಷ್ಟು ಹೊತ್ತಾತು, ಉಸಿರಾಡ್ತಾನೇನು. ಮೂರನೇದನ್ನ ಮೊದಲ ಕೇಳಬೇಕು.

ತಾಂಡಾದ ಹುಡುಗ:

ಬ್ಯಾಡಗಿ ಮೆಣಸಿನಕಾಯಿ ಗೋದಾಮಿಗೆ ಬೆಂಕಿ. ಗಾಳಿ ತಾಂಡಾ ಕಡೆ ಬೀಸಾಕ ಹತ್ತೈತಿ. ಒಳಗ ಹೋಗೂ ಮೊದಲ ಏನ್ ಮಾಡಬೇಕು? ಉತ್ತರ ನಾ ಬರಿಯೂದಿಲ್ಲ, ಇದನ್ನ ನೇರ ಮಾತು ಅಣ್ಣಾವರು ಹೇಳ್ಲಿ.

ನೇರ ಮಾತು:

ಬಿಎ ಸೆಟ್ ಹಾಕಿಕೊಳ್ಳಬೇಕು?

ತಾಂಡಾದ ಹುಡುಗ:

ಅದು ಎರಡನೇದ್ರಿ ಅಣ್ಣಾ. ಮೊದಲ ಒಬ್ಬನ್ನ ತಾಂಡಾಕ್ಕ ಓಡಸಬೇಕು, ಮುದುಕರು, ಕೂಸುಗಳನ್ನ ಗಾಳಿ ಅಡ್ಡಕ್ಕ ಕರಕೊಂಡು ಹೋಗ್ರಿ ಅಂತ ಹೇಳಾಕ. ಆ ಹೊಗಿ ಒಳಗ ಇದ್ದವರಿಗಿಂತ ಮೊದಲ ಹೊರಗ ಮಲಗಿದವರ ಉಸಿರು ಹಿಡಿತೈತಿ. ಮತ್ತ ಅವರಿಗೆ ಲಂಬಾಣಿಯಾಗ ಹೇಳಬೇಕು.

ನಾಳೆ ಅರ್ಜಿ ಹಾಕ್ತೀನಿ.